ಕಂಪನಿ ಮರೆತವರಿಗೊಂದು ಕಾರ್ಡು

ಹಸ್ತಾಕ್ಷರ ಸಂಗ್ರಹ ಅಂದಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಪುಟ್ಟ ಆಟೋಗ್ರಾಫ್ ಪುಸ್ತಕ. ಆಟಗಾರ ಬಂದ, ಗೀಚಿದ, ಹೋದ. ನಾಲ್ಕು ವರ್ಷ ಕಳೆದು ಪುಟ ತಿರುವಿದರೆ ಆ ಗೀಚು ಯಾರದ್ದು ಅಂತ ನಮಗೇ ತಿಳಿಯೋದಿಲ್ಲ! ಅಮೆರಿಕದ ಬೇಸ್‌ಬಾಲ್ ಹುಚ್ಚರಲ್ಲಿ ಬಹಳ ಮಂದಿ ಅದಕ್ಕೇ ಪುಸ್ತಕ ಹಿಡಿಯುವುದಿಲ್ಲ. ಆಟಗಾರನ ಚಿತ್ರವಿರುವ ಕಾರ್ಡಿನ ಮೇಲೇ ಸಹಿ ಹಾಕಿಸಿಕೊಳ್ಳುತ್ತಾರೆ.

ಅಲ್ಲಿ ಈ ಕಾರ್ಡುಗಳಿಗೆ ದೊಡ್ಡ ಚರಿತ್ರೆಯೇ ಇದೆ. ಮೊದಲು ಸಿಗರೇಟು ಪೊಟ್ಟಣದಲ್ಲಿ, ಆಮೇಲೆ ಬಬಲ್‌ಗಮ್ ಜೊತೆಯಲ್ಲಿ ಬಂದವು. 1909–11ರ ಹೋನಸ್ ವ್ಯಾಗ್ನರ್ ಕಾರ್ಡಿನ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು! ಆದರೆ ಕಂಪನಿಯ ಲೆಕ್ಕ ವ್ಯಾಪಾರದ ಲೆಕ್ಕ. ಹೆಸರು ಓಡುವವನಿಗೆ ಹತ್ತು ಕಾರ್ಡು. ಒಂದು ಸೀಸನ್ ಆಡಿ ಮನೆಗೆ ಹೋದವನಿಗೆ ಎಷ್ಟೋ ಸಲ ಒಂದೂ ಇಲ್ಲ. ವಿಸ್ಕಾನ್ಸಿನ್ ರಾಜ್ಯದ ಕಾರ್ಡ್ ವ್ಯಾಪಾರಿ ಲ್ಯಾರಿ ಫ್ರಿಟ್ಷ್ 1977ರಲ್ಲಿ ಅಂಥವರದ್ದೇ ಒಂದು ಸೆಟ್ ಹೊರತಂದರು. ಹೆಸರು ‘ಒನ್ ಇಯರ್ ವಿನ್ನರ್ಸ್’. ಅವತ್ತು ವ್ಯಾಪಾರಿಯೊಬ್ಬರು ಮಾಡಿದ್ದನ್ನು ಇವತ್ತು ಒಂದು ಪ್ರಿಂಟರ್ ಇದ್ದರೆ ನಾವೂ ಮಾಡಬಹುದು.

ಯಾರ ಕಾರ್ಡು ಮಾಡೋಣ? ಉದಾಹರಣೆಗೆ ಶಾಂತಾ ರಂಗಸ್ವಾಮಿಯವರನ್ನು ತೆಗೆದುಕೊಳ್ಳಿ. 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ಆಡಿದ ಮೊಟ್ಟಮೊದಲ ಟೆಸ್ಟಿನ ನಾಯಕಿ ಇವರು. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವು. 1977ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಇವರು ಹೊಡೆದ 108, ಟೆಸ್ಟಿನಲ್ಲಿ ಭಾರತದ ಮಹಿಳೆಯೊಬ್ಬರ ಮೊದಲ ಶತಕ. ವಿಶಿ, ಚಂದ್ರ, ಪ್ರಸನ್ನ ಅಂದರೆ ಎದ್ದು ಕೂರುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಕಾರ್ಡಿನ ಹಿಂಬದಿ ತುಂಬಲು ಇದಕ್ಕಿಂತ ಬೇರೆ ಬೇಕೆ!

ಇನ್ನು ಮಾಡುವ ಕ್ರಮ. ಕಾರ್ಡಿನ ರೂಢಿಯ ಅಳತೆ 2½ ಅಂಗುಲ ಅಗಲ, 3½ ಅಂಗುಲ ಎತ್ತರ. ಟಾಪ್ಸ್ ಕಂಪನಿ 1957ರಲ್ಲಿ ಈ ಅಳತೆ ಹಿಡಿಯಿತು. ಒಂದು ಎ-4 ಹಾಳೆಯಲ್ಲಿ ಸಾಲಿಗೆ ಮೂರರಂತೆ ಒಂಬತ್ತು ಕಾರ್ಡು ಕೂರುತ್ತವೆ. ಚಿತ್ರ 750 × 1050 ಪಿಕ್ಸೆಲಿಗಿಂತ ಕಡಿಮೆ ಇದ್ದರೆ ಅಚ್ಚಿನಲ್ಲಿ ಮಸುಕಾದೀತು. ಚಿತ್ರ ಅಂಚಿನವರೆಗೆ ಬರಬೇಕೆಂದಿದ್ದರೆ ಸುತ್ತ 3 ಮಿ.ಮೀ. ಹೆಚ್ಚಿಗೆ ಬಿಟ್ಟು, ಆಮೇಲೆ ಸ್ಟೀಲ್ ಸ್ಕೇಲಿಟ್ಟು ಬ್ಲೇಡಿನಲ್ಲಿ ಕೊಯ್ಯಿರಿ. ಕತ್ತರಿ ಬೇಡ, ಗೆರೆ ಸೊಟ್ಟಗಾಗುತ್ತೆ.

ಕಾಗದದ ವಿಷಯದಲ್ಲಿ ಜಾಣತನ ಬೇಕು. ಫಳಫಳ ಹೊಳೆಯುವ ಕಾಗದ ನೋಡೋಕೆ ಚೆಂದ, ಆದರೆ ಶಾಯಿಯನ್ನು ಬೇಗ ಹೀರುವುದಿಲ್ಲ. ಬೆರಳು ತಾಗಿದರೆ ಸಹಿ ಸವರಿಹೋಗುತ್ತದೆ. ಮುದ್ರಣದಂಗಡಿಯಲ್ಲಿ 250 ರಿಂದ 300 ಜಿ.ಎಸ್.ಎಂ. ಮ್ಯಾಟ್ ಕಾರ್ಡ್ ಕೇಳಿ. ಮನೆಯ ಪ್ರಿಂಟರಿಗೆ ಅಷ್ಟು ದಪ್ಪ ಕಾಗದ ಹಿಡಿಸದಿದ್ದರೆ ಮುಂಬದಿ, ಹಿಂಬದಿ ಎರಡನ್ನೂ ತೆಳು ಹಾಳೆಯಲ್ಲಿ ಅಚ್ಚು ಹಾಕಿ ಒಟ್ಟಿಗೆ ಅಂಟಿಸಿದರಾಯಿತು. ಚಿತ್ರದ ಕೆಳಭಾಗದಲ್ಲಿ ತಿಳಿಬಣ್ಣದ ಜಾಗ ಬಿಡುವುದನ್ನು ಮಾತ್ರ ಮರೆಯಬೇಡಿ. ಕಪ್ಪು ಕೂದಲ ಮೇಲೆ ನೀಲಿ ಸಹಿ ಬಿದ್ದರೆ ಯಾರಿಗೆ ಕಾಣಬೇಕು? ಸಹಿಗೆ ಮುಂಚೆ ಉಳಿದೊಂದು ಕಾರ್ಡಿನ ಮೇಲೆ ಪೆನ್ನನ್ನು ಪರೀಕ್ಷಿಸಿ.

ಹೆಸರನ್ನು ಕನ್ನಡದಲ್ಲೇ ಅಚ್ಚು ಹಾಕಿಸಿ. ಕನ್ನಡನಾಡಿನಿಂದ ದೂರ ಕೂತ ನಾವಲ್ಲದೆ ಇದನ್ನು ಇನ್ಯಾರು ಮಾಡಬೇಕು? ಆದರೆ ಅಂಗಡಿಯ ಕಂಪ್ಯೂಟರಿನಲ್ಲಿ ಸರಿಯಾದ ಅಕ್ಷರಶೈಲಿ ಇಲ್ಲದಿದ್ದರೆ ‘ಸ್ವಾ’ದ ಒತ್ತು ಕಳಚಿ ಪಕ್ಕಕ್ಕೆ ಬೀಳಬಹುದು. ಅಕ್ಷರಶೈಲಿ ಒಳಗೂಡಿಸಿದ ಪಿ.ಡಿ.ಎಫ್. ಒಯ್ಯಿರಿ; ಒಂದು ಪ್ರತಿ ತೆಗೆಸಿ, ಓದಿ ನೋಡಿ, ಆಮೇಲೆ ಉಳಿದದ್ದು.

ಚಿತ್ರ ಯಾರದ್ದು ಎಂಬುದೂ ಮುಖ್ಯ. ನಮ್ಮ ದೇಶದಲ್ಲಿ 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕು ಛಾಯಾಗ್ರಾಹಕ ಇರುವಷ್ಟು ಕಾಲ, ಆಮೇಲೆ 60 ವರ್ಷ. ನೀವೇ ತೆಗೆದ ಚಿತ್ರವಾದರೆ ತಂಟೆಯೇ ಇಲ್ಲ. ಬೇರೆಯವರದ್ದಾದರೆ ಒಪ್ಪಿಗೆ ಕೇಳಿ. ಕಂಪನಿಯ ಲಾಂಛನ ಕದ್ದು ಹಾಕಬೇಡಿ, ಹಳೆಯ ಕಾರ್ಡಿನ ವೇಷ ತೊಡಿಸಬೇಡಿ. ಹಿಂಬದಿಯಲ್ಲಿ ‘ಮನೆಯಲ್ಲಿ ಮಾಡಿದ್ದು, ಮಾರಾಟಕ್ಕಲ್ಲ’ ಅಂತ ಇಸವಿ ಸಮೇತ ಹಾಕಿ. ಇವತ್ತಿನ ತಮಾಷೆ ಕೈಯಿಂದ ಕೈಗೆ ದಾಟಿ ನಾಳೆ ಇನ್ನೊಬ್ಬನಿಗೆ ಮೋಸ ಆಗಬಾರದು.

ಕೊನೆಗೆ ಸಹಿ. ಯಾರ ಮನೆಯ ಬಾಗಿಲನ್ನೂ ಹುಡುಕಿಕೊಂಡು ಹೋಗಿ ಕಾಡಬೇಡಿ. ಮೈದಾನದಲ್ಲಿ ಸಿಕ್ಕರೆ ಬಿಡುವು ನೋಡಿ ಕೇಳಿ. ಅಂಚೆಯಲ್ಲಾದರೆ ಕ್ರೀಡಾಸಂಸ್ಥೆಯ ಮೂಲಕ ಕಳಿಸಿ. ನಿಮ್ಮ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆ, ಕಾರ್ಡು ಮಡಿಸಿಹೋಗದಂತೆ ಒಂದು ರಟ್ಟು ಜೊತೆಗಿರಲಿ. ಸಹಿಯಾಗಿ ಬಂದದ್ದನ್ನು ಬಿಸಿಲಿಗೆ ಇಡಬೇಡಿ, ಶಾಯಿ ಮಾಸುತ್ತೆ.

ಯಾವಾಗಲೂ ಎರಡು ಕಾರ್ಡು ಒಯ್ಯಿರಿ: ಒಂದು ಸಹಿಗೆ, ಇನ್ನೊಂದು ಅವರಿಗೇ ಕೊಡೋಕೆ. ಆಡಿದ ಕಾಲದಲ್ಲಿ ಯಾರೂ ಕಾರ್ಡು ಅಚ್ಚು ಹಾಕದವರು ಎಷ್ಟೋ ಮಂದಿ ಇದ್ದಾರೆ. ಅಂಥವರ ಕೈಯಲ್ಲಿ ಅವರದೇ ಚಿತ್ರ, ಅವರದೇ ಓಟಗಳ ಲೆಕ್ಕ, ಅದೂ ಕನ್ನಡದಲ್ಲಿ ಇಟ್ಟರೆ, ನಾವು ಪಡೆದುಕೊಂಡ ಸಹಿಗೆ ಅಷ್ಟಾದರೂ ಸಂದಾಯ ಮಾಡಿದಂತಾಯಿತು.