ಚೇತರಿಕೆಯ ಮರೆಯಲ್ಲಿ ಬೆಳೆಯುವ ಕಾಯಿಲೆ

ಮೊದಲು ಒಂದು ಕಣ್ಣು ಮಂಜಾಗುತ್ತದೆ, ಹೊರಳಿಸಿದರೆ ನೋವು. ಕೆಲವು ವಾರಗಳಲ್ಲಿ ದೃಷ್ಟಿ ಮರಳುತ್ತದೆ, ಮಗು ಶಾಲೆಗೆ ಹೊರಡುತ್ತದೆ. ತಿಂಗಳುಗಳು ಕಳೆದ ಮೇಲೆ ಕಾಲು ಜೋಮು ಹಿಡಿಯುತ್ತದೆ, ಇಲ್ಲವೇ ನಡಿಗೆ ತೂರಾಡುತ್ತದೆ. ಅದೂ ಸರಿಹೋಗುತ್ತದೆ. ಎಳೆಯರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಶುರುವಾಗುವ ರೀತಿಗಳಲ್ಲಿ ಇದೊಂದು.

ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಮಿದುಳು, ಬೆನ್ನುಹುರಿಗಳ ಮೇಲೆ ತಿರುಗಿಬೀಳುವ ಕಾಯಿಲೆಯಿದು. ನರತಂತುಗಳನ್ನು ಸುತ್ತಿರುವ ಮಯಲಿನ್ ಎಂಬ ಕೊಬ್ಬಿನ ಪದರ ಹಾಳಾದಲ್ಲಿ ಸಂಕೇತಗಳು ತಡವಾಗುತ್ತವೆ ಅಥವಾ ನಿಂತೇಹೋಗುತ್ತವೆ. ಇಪ್ಪತ್ತು ದಾಟಿದವರ ಕಾಯಿಲೆಯೆಂದೇ ಹೆಸರಾದರೂ ನೂರು ರೋಗಿಗಳಲ್ಲಿ ಸುಮಾರು 3ರಿಂದ 5 ಮಂದಿಗೆ ಅದು 18 ತುಂಬುವ ಮೊದಲೇ ತೊಡಗಿರುತ್ತದೆ. ಹರೆಯಕ್ಕೆ ಮುಂಚೆ ಹುಡುಗ, ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮ. ಆಮೇಲೆ ಹುಡುಗಿಯರದೇ ಹೆಚ್ಚಿನ ಪಾಲು.

ಮೊದಲ ವರ್ಷಗಳಲ್ಲಿ ಮಕ್ಕಳಿಗೆ ವಯಸ್ಕರಿಗಿಂತ ಎರಡು ಮೂರು ಪಟ್ಟು ಹೆಚ್ಚು ಸಲ ಕಾಯಿಲೆ ಮರುಕಳಿಸುತ್ತದೆ. ಆದರೂ ಎಳೆಯ ಮಿದುಳು ಬಹುಪಾಲು ಸಲ ಚೆನ್ನಾಗಿಯೇ ಎದ್ದು ನಿಲ್ಲುತ್ತದೆ. ದಾರಿ ತಪ್ಪಿಸುವುದೇ ಈ ಚೇತರಿಕೆ. ಫ್ರಾನ್ಸ್ ಮತ್ತು ಬೆಲ್ಜಿಯಂನ 394 ಬಾಲರೋಗಿಗಳನ್ನು ವಯಸ್ಕರೊಂದಿಗೆ ಹೋಲಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಶುರುವಾದವರಿಗೆ ಶಾಶ್ವತ ಊನ ಬರಲು ಸುಮಾರು ಹತ್ತು ವರ್ಷ ಹೆಚ್ಚು ಹಿಡಿದಿತ್ತು, ನಿಜ. ಆದರೆ ಅದು ಬಂದಾಗ ಅವರ ವಯಸ್ಸು ಉಳಿದವರಿಗಿಂತ ಸುಮಾರು ಹತ್ತು ವರ್ಷ ಕಡಿಮೆಯಿತ್ತು.

ಹಲವರಲ್ಲಿ ಕಾಲಿಗಿಂತ ಮೊದಲೇ ಪೆಟ್ಟು ತಿನ್ನುವುದು ಕಲಿಕೆ. ಸುಮಾರು ಮೂರರಲ್ಲೊಬ್ಬ ಬಾಲರೋಗಿಗೆ ಗಮನ, ನೆನಪು, ಯೋಚನೆಯ ವೇಗ ಕುಗ್ಗುತ್ತವೆ. ಬೆಳೆಯಬೇಕಾದ ಹೊತ್ತಿನಲ್ಲಿ ಮಿದುಳು ವಯಸ್ಸಿಗೆ ತಕ್ಕಷ್ಟು ಬೆಳೆಯುವುದೂ ಇಲ್ಲ. ಇದರ ಜೊತೆಗೆ ವಿಪರೀತ ಸುಸ್ತು. ಅಂಕ ಇಳಿದರೆ ಮೊಬೈಲನ್ನೋ ಸೋಮಾರಿತನವನ್ನೋ ದೂರುವ ನಮಗೆ ಇದು ಹೊಳೆಯುವುದಾದರೂ ಹೇಗೆ?

ಪತ್ತೆಯೂ ಸುಲಭವಲ್ಲ. ಮಯಲಿನ್‌ನಲ್ಲಿರುವ ಮಾಗ್ (MOG) ಎಂಬ ಪ್ರೋಟೀನಿನ ವಿರುದ್ಧ ಹುಟ್ಟುವ ಪ್ರತಿಕಾಯದ ಕಾಯಿಲೆ ಮಕ್ಕಳಲ್ಲಿ ಹೀಗೆಯೇ ಕಾಣಿಸಿಕೊಳ್ಳುತ್ತದೆ, ಚಿಕಿತ್ಸೆ ಮಾತ್ರ ಬೇರೆ. ಹಾಗಾಗಿ ಎಂಆರ್‌ಐ ಜೊತೆಗೆ ರಕ್ತದಲ್ಲಿ ಆ ಪ್ರತಿಕಾಯವನ್ನೂ ಹುಡುಕಬೇಕು. ಮಂಗಳೂರಿನಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಅವರ ತಂಡ ಮಯಲಿನ್ ನಾಶದ ಇಂಥ ಕಾಯಿಲೆಗಳ ರೋಗಿಗಳ ದಾಖಲೆಯನ್ನೇ ಕಟ್ಟಿದೆ.

ಮದ್ದಿನ ವಿಷಯದಲ್ಲಿ 2018 ದೊಡ್ಡ ವರ್ಷ. 10ರಿಂದ 17 ವಯಸ್ಸಿನ 215 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಇಂಟರ್‌ಫೆರಾನ್ ಚುಚ್ಚುಮದ್ದಿಗಿಂತ ಫಿಂಗೋಲಿಮಾಡ್ ಮಾತ್ರೆ ಮರುಕಳಿಕೆಯನ್ನು ಶೇ 82ರಷ್ಟು ತಗ್ಗಿಸಿತು. ಆದ ಹಾನಿಯನ್ನು ಅದು ಸರಿಪಡಿಸದು, ಆದ್ದರಿಂದಲೇ ಬೇಗ ಶುರುಮಾಡಬೇಕೆಂಬ ಒತ್ತಾಯ. ಮದ್ದಿನ ಜೊತೆಗೆ ಕಾನೂನಿನ ಆಸರೆಯೂ ಉಂಟು: ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿರುವ 21 ಸ್ಥಿತಿಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಇದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವ ಪೋಷಕರು ಶಾಲೆಯ ಮುಂದಿಡಬಹುದಾದ ಆಧಾರ ಅದು.