ಯಂತ್ರಮಾನವನಿಗೆ ಎಂತಹ ಅಳತೆಗಣ್ಣು?

ಮಧುಗಿರಿಯ ಹೆಬ್ಬಂಡೆಯಿಂದ 170 ಮೀಟರು ದೂರ ನಿಂತು ಚಪ್ಪಾಳೆ ತಟ್ಟಿದರೆ, ಪ್ರತಿಧ್ವನಿಯು ಸುಮಾರು 1 ಸೆಕೆಂಡಿನಲ್ಲಿ ಮರಳಿ ಬರುವುದು. ಶಬ್ದದ ವೇಗವನ್ನು ಬಲ್ಲವನು ಹಗ್ಗ ಹಿಡಿಯದೆಯೇ ಬಂಡೆಯ ದೂರವನ್ನು ಹೇಳಬಲ್ಲನು. ಸ್ಪರ್ಧೆಗಾಗಿ ವಿದ್ಯಾರ್ಥಿಗಳು ಕಟ್ಟುವ ಯಂತ್ರಮಾನವನಿಗೂ ಇದೇ ಉಪಾಯವು ಒದಗುತ್ತದೆ. ಆದರೆ ಅದು ಶಬ್ದವನ್ನು ನಂಬಬೇಕೆ, ಬೆಳಕನ್ನು ನಂಬಬೇಕೆ? ಆಯ್ಕೆ ತಪ್ಪಿದರೆ ತಿಂಗಳುಗಳ ಶ್ರಮವು ಗೋಡೆಗೆ ಬಡಿದು ಕೊನೆಗಾಣುವುದು.

ಶ್ರವಣಾತೀತ ಸಂವೇದಕವು ಅಗ್ಗವಾದುದು. ಅದರ ಸಾಮಾನ್ಯ ಮಾದರಿಯು ಸೆಕೆಂಡಿಗೆ 40,000 ಕಂಪನಗಳುಳ್ಳ, ನಮ್ಮ ಕಿವಿಗೆ ಕೇಳದ ಶಬ್ದವನ್ನು ಹೊರಡಿಸಿ, 2 ಸೆಂಟಿಮೀಟರಿನಿಂದ 4 ಮೀಟರಿನವರೆಗೆ ಅಳೆಯುತ್ತದೆ. ಬಿಸಿಲಿನ ಬೆಳಕಾಗಲಿ, ವಸ್ತುವಿನ ಕಪ್ಪು ಬಣ್ಣವಾಗಲಿ ಅದನ್ನು ಕಂಗೆಡಿಸಲಾರವು. ಆದರೆ ಮೆತ್ತನೆಯ ಬಟ್ಟೆ ಶಬ್ದವನ್ನು ನುಂಗುತ್ತದೆ. ಓರೆಯಾದ ಗೋಡೆ ಅದನ್ನು ಬೇರೆಡೆಗೆ ಚಿಮ್ಮಿಸುತ್ತದೆ. ಸೆಕೆಯೂ ಒಂದು ತೊಡಕು. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸೆಕೆಂಡಿಗೆ 343 ಮೀಟರಿನಷ್ಟಿರುವ ಶಬ್ದದ ವೇಗ, 40 ಡಿಗ್ರಿಯಲ್ಲಿ 355 ಮೀಟರಿಗೆ ಏರುತ್ತದೆ. ಈ ತಿದ್ದುಪಡಿಯನ್ನು ಅರಿಯದ ಯಂತ್ರವು ಪಾವಗಡದ ಬೇಸಗೆಯಲ್ಲಿ 1 ಮೀಟರು ದೂರದ ಗೋಡೆಯನ್ನು 3 ಸೆಂಟಿಮೀಟರಿಗೂ ಹೆಚ್ಚು ಹತ್ತಿರವೆಂದು ಭ್ರಮಿಸುವುದು.

ಅವರಕ್ತ ಕಿರಣದ ಸಂವೇದಕಗಳಲ್ಲಿ ಒಂದು ಬಗೆಯದು ಮರಳಿದ ಕಿರಣದ ಕೋನವನ್ನೂ, ಲೇಸರಿನ ಇನ್ನೊಂದು ಬಗೆಯದು ಕಿರಣವು ಹೋಗಿಬರುವ ಕಾಲವನ್ನೂ ಗಣಿಸುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ಬೆಳಕು 30 ಸೆಂಟಿಮೀಟರು ಸಾಗುವುದೆಂದರೆ, ಆ ಗಡಿಯಾರದ ಸೂಕ್ಷ್ಮತೆಯನ್ನು ಊಹಿಸಿರಿ! ಇದರ ಕಿರಣ ಕಿರಿದು, ಅಳತೆ ಚುರುಕು. ಆದರೆ ಕಪ್ಪು ವಸ್ತು ಕಿರಣವನ್ನು ಹೀರುತ್ತದೆ. ಗಾಜು ಅದನ್ನು ಒಳಗೆ ಬಿಡುತ್ತದೆ. ಬಿಸಿಲಿನಲ್ಲಿಯೂ ಅವರಕ್ತ ಕಿರಣಗಳಿರುವುದರಿಂದ, 2,050 ಮೆಗಾವ್ಯಾಟಿನ ಸೌರವಿದ್ಯುತ್ ಉದ್ಯಾನವನ್ನು ಪಾವಗಡಕ್ಕೆ ತಂದ ಪ್ರಖರ ಸೂರ್ಯನೇ ಈ ಕಣ್ಣನ್ನು ಕುಕ್ಕಿಸಬಲ್ಲನು.

ಹಾಗಾದರೆ ಯಾವುದನ್ನು ಆರಿಸಬೇಕು? ಶಿರಾದಿಂದ ಉತ್ತರಕ್ಕಿರುವ ಚಳ್ಳಕೆರೆಯ ಬಳಿ 2016ರಲ್ಲಿ ಕೃತಕ ಚಂದ್ರಕುಳಿಗಳನ್ನು ತೋಡಿ, ಇಸ್ರೋ ಸಂಸ್ಥೆಯು ಚಂದ್ರಯಾನದ ಸಂವೇದಕಗಳನ್ನು ಪರೀಕ್ಷಿಸಿತು. ಗಾಳಿಯಿಲ್ಲದ ಚಂದ್ರನಲ್ಲಿ ಶಬ್ದ ನಿರರ್ಥಕ. ಬೆಳಕು ಮತ್ತು ರೇಡಿಯೋ ಅಲೆಗಳೇ ಗತಿ. 2019ರಲ್ಲಿ ಚಂದ್ರಯಾನ–2ರ ಇಳಿನೌಕೆ ವಿಫಲವಾದ ಬಳಿಕ, ಮುಂದಿನ ನೌಕೆಗೆ ವೇಗವನ್ನಳೆಯುವ ಲೇಸರ್ ಉಪಕರಣವೊಂದನ್ನು ಹೆಚ್ಚಾಗಿ ಜೋಡಿಸಲಾಯಿತು. 2023ರ ಆಗಸ್ಟ್ 23ರಂದು ಅದು ಸುರಕ್ಷಿತವಾಗಿ ಇಳಿಯಿತು.

ಒಂದೇ ಇಂದ್ರಿಯವನ್ನು ನೆಚ್ಚಬಾರದೆಂಬುದೇ ಇಲ್ಲಿನ ಪಾಠ. ಎರಡೂ ಬಗೆಯ ಸಂವೇದಕಗಳನ್ನಿಟ್ಟು, ಅಳತೆಪಟ್ಟಿಯೊಡನೆ ಹೋಲಿಸಿರಿ. ನಡುಹಗಲಿನಲ್ಲೊಮ್ಮೆ, ಸಂಜೆಯಲ್ಲೊಮ್ಮೆ, ಕಪ್ಪು ಬಟ್ಟೆಯ ಮುಂದೆ, ಗಾಜಿನ ಮುಂದೆ ಪರೀಕ್ಷಿಸಿರಿ. ಕೊರಟಗೆರೆಯ ಶಾಲೆಯ ಅಂಗಳವೂ ಇದಕ್ಕೆ ಸಾಕಾದ ಪ್ರಯೋಗಶಾಲೆಯೇ.