ಬೆಲ್ಟಿನ ಮಾತು ಆಮೇಲೆ, ಮೊದಲು ಒಂದು ಕ್ಲಾಸು ಕೂತು ನೋಡಿ

"ಹ್ವಾಯ್, ಮಾಣಿಗೆ ಬ್ಲ್ಯಾಕ್ ಬೆಲ್ಟ್ ಆಪುಕೆ ಎಷ್ಟ್ ವರ್ಷ ಬೇಕ್?"

ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಕೂಡಲೇ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕರಾಟೆ ಮಾಸ್ಟ್ರುಗಳ ಕಿವಿಗೆ ಬೀಳುವ ಮೊದಲ ಪ್ರಶ್ನೆ ಇದು. ಎರಡನೆಯದು ಫೀಸಿನದ್ದು. ಸೇರಿದ ಮಗು ಅಲ್ಲಿ ಒಂದು ಗಂಟೆ ಏನು ಮಾಡುತ್ತದೆ ಎಂದು ವಿಚಾರಿಸುವವರು ತೀರಾ ಕಡಿಮೆ. ಅಂಗಡಿಯಲ್ಲಿ ಒಂದು ಜತೆ ಚಪ್ಪಲಿ ಕೊಳ್ಳುವಾಗಲೂ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುವವರು ನಾವು. ಕರಾಟೆ ಕ್ಲಾಸಿಗೆ ಮಾತ್ರ ಫ್ಲೆಕ್ಸ್ ನೋಡಿ ದುಡ್ಡು ಕಟ್ಟಿ ಬರುತ್ತೇವೆ.

ಕಾಳಗದ ಕಲಿಕೆ ಈ ಕರಾವಳಿಗೆ ಹೊಸದೇನಲ್ಲ. ತುಳು ಮಾತಿನ ಸೀಮೆಯಲ್ಲಿ ಕೋಟಿ ಚೆನ್ನಯರ ಗರಡಿಗಳಿವೆ. ಆದರೆ ಅವು ಈಗ ಆರಾಧನೆಯ ಜಾಗಗಳು, ಸಂಜೆ ಆರಕ್ಕೆ ಹೋಗಿ ಕಸರತ್ತು ಕಲಿಯುವ ಜಾಗಗಳಲ್ಲ. ಆ ಕೆಲಸವನ್ನು ಇವತ್ತು ಹೆಚ್ಚಾಗಿ ಮಾಡುತ್ತಿರುವುದು ಕರಾಟೆ. ಶಾಲೆಯ ಜಗಲಿ, ದೇವಸ್ಥಾನದ ಸಭಾಭವನ, ಯಾವುದೋ ಕಾಂಪ್ಲೆಕ್ಸಿನ ಎರಡನೇ ಮಹಡಿ, ಶೀಟು ಹೊದಿಸಿದ ಟೆರೇಸು, ಹೀಗೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕ್ಲಾಸು. ಕಟ್ಟಡ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಒಳ್ಳೆಯ ಮಾಸ್ಟ್ರನ್ನು ಬಿಡಬೇಕಿಲ್ಲ. ನೆಲವನ್ನು ಮಾತ್ರ ನೋಡಿಕೊಳ್ಳಿ. ನುಣುಪು ಟೈಲ್ಸಿನ ಮೇಲೆ ಬೆವರು ಬಿದ್ದರೆ ಕಾಲು ಜಾರುತ್ತದೆ. ಮ್ಯಾಟ್ ಹಾಸದ ನೆಲದಲ್ಲಿ ಮಕ್ಕಳನ್ನು ಎತ್ತಿ ಕೆಡವುವ ಪಟ್ಟು ಕಲಿಸುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ.

ಫೀಸು ಕಟ್ಟುವ ಮೊದಲು ಒಂದಿಡೀ ಕ್ಲಾಸನ್ನು ಮೂಲೆಯಲ್ಲಿ ಕೂತು ನೋಡಬೇಕು. ಪೋಷಕರು ಕೂರುವುದು ಬೇಡ ಎನ್ನುವ ಕಡೆ ಮಗುವನ್ನು ಸೇರಿಸುವುದೇ ಬೇಡ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ನೋಡುವಾಗ ಕಣ್ಣು ಮುಂದಿನ ಸಾಲಿನ ಕಂದು ಬೆಲ್ಟಿನವರ ಮೇಲೆ ಬೇಡ. ಅವರು ಹೇಗೂ ಚೆನ್ನಾಗಿ ಮಾಡುತ್ತಾರೆ. ಹಿಂದಿನ ಸಾಲಿನಲ್ಲಿ ಬಿಳಿ ಬೆಲ್ಟಿನ, ಎಡಬಲ ತಿಳಿಯದೆ ತಡಬಡಿಸುವ ಮಗುವಿನ ಹತ್ತಿರ ಮಾಸ್ಟ್ರು ಎಷ್ಟು ಸಲ ಬಂದರು? ಬಂದು ಗದರಿದರೋ, ತಿದ್ದಿದರೋ? ತಿದ್ದಲು ಮೈ ಮುಟ್ಟುವ ಮೊದಲು "ಭುಜ ಸರಿಮಾಡ್ತೇನೆ" ಎಂದು ಹೇಳಿದರೋ? ಹುಡುಗಿಯರ ಬ್ಯಾಚಿಗೆ ಕಲಿಸಲು ಹೆಂಗಸರು ಇದ್ದಾರೋ, ಕೊನೇಪಕ್ಷ ಹಿರಿಯ ಶಿಷ್ಯೆ ಯಾರಾದರೂ ಇದ್ದಾರೋ?

ಮುಷ್ಟಿ ಹೇಗೆ ಕಲಿಸುತ್ತಾರೆ ಎನ್ನುವುದೊಂದರಲ್ಲೇ ಮಾಸ್ಟ್ರ ಕಾಳಜಿ ಅರ್ಧ ಗೊತ್ತಾಗಿಬಿಡುತ್ತದೆ. ನಾಲ್ಕು ಬೆರಳನ್ನು ತುದಿಯಿಂದ ಸುತ್ತಿಕೊಂಡು ಅಂಗೈಗೆ ಒತ್ತಿ, ಹೆಬ್ಬೆರಳನ್ನು ಹೊರಗಿನಿಂದ ತೋರುಬೆರಳು ಮತ್ತು ನಡುಬೆರಳಿನ ಮೇಲೆ ಅಡ್ಡ ಇಡಬೇಕು. ಚಿಕ್ಕ ಮಕ್ಕಳು ಹೆಬ್ಬೆರಳನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತಾರೆ. ಹಾಗೇ ಹೊಡೆದರೆ ಪೆಟ್ಟಾಗುವುದು ಅವರದೇ ಹೆಬ್ಬೆರಳಿಗೆ. ಗುದ್ದು ಮೊದಲೆರಡು ಗೆಣ್ಣುಗಳಿಂದ ತಾಗಬೇಕು, ಮಣಿಕಟ್ಟು ನೇರ ಇರಬೇಕು. ಪ್ರತಿ ಮಗುವಿನ ಮುಷ್ಟಿಯನ್ನೂ ಹಿಡಿದು ನೋಡಿ ಆಮೇಲೆ "ಇಚಿ, ನಿ, ಸಾನ್" ಎಂದು ಎಣಿಕೆ ಶುರುಮಾಡುವ ಮಾಸ್ಟ್ರು ಸಿಕ್ಕಿದರೆ ಉಳಿದ ವಿಚಾರಣೆ ಸ್ವಲ್ಪ ಸಡಿಲ ಬಿಡಬಹುದು.

ಮೊದಲ ಕೆಲವು ತಿಂಗಳು ಬೇಜಾರು ಬರುವುದು ಖಂಡಿತ. ನಿಲ್ಲುವುದು, ತಡೆಯುವುದು, ಗುದ್ದುವುದು, ಮತ್ತೆ ಅದೇ. ನಮ್ಮ ಕಡೆಯ ತಂದೆತಾಯಿಗೆ ಇದನ್ನು ವಿವರಿಸುವುದು ಕಷ್ಟವಾಗಬಾರದು: ಯಕ್ಷಗಾನ ಕಲಿಯಲು ಹೋದ ಹುಡುಗ ಮೊದಲು ತಾಳ, ಹೆಜ್ಜೆ ಎಂದು ತಿಂಗಳುಗಟ್ಟಲೆ ಬೆವರು ಸುರಿಸುತ್ತಾನೆ, ಕೇದಗೆ ಮುಂದಲೆ ಕಟ್ಟಿಸಿಕೊಳ್ಳುವುದು ಬಹಳ ಆಮೇಲೆ. ಶೋತೋಕಾನ್ ಶೈಲಿಯಲ್ಲಿ ಆರಂಭದ ಕತಾಗಳಲ್ಲಿ (ಗೊತ್ತುಮಾಡಿದ ಚಲನೆಗಳ ಸರಣಿಗಳಲ್ಲಿ) ಒಂದಾದ ಹೈಯಾನ್ ಶೋದಾನ್‌ನಲ್ಲಿ ಇರುವುದು 21 ಚಲನೆ. ಎಡಕ್ಕೆ ತಿರುಗಿ ಕೆಳಗಿನ ತಡೆ, ಒಂದು ಹೆಜ್ಜೆ ಮುಂದಿಟ್ಟು ಗುದ್ದು, ಹೀಗೆ ಸಾಗುತ್ತದೆ. ಒಂದು ನಿಮಿಷದೊಳಗೆ ಮುಗಿಯುವ ಇದನ್ನು ಸರಿಯಾಗಿ ಮಾಡಲು ತಿಂಗಳುಗಳೇ ಹಿಡಿಯುತ್ತವೆ. ಎರಡನೇ ವಾರಕ್ಕೇ ಎದುರಾಬದುರು ಹೊಡೆದಾಟಕ್ಕೆ ಬಿಡುವ ಕ್ಲಾಸು ಮಕ್ಕಳಿಗೆ ಖುಷಿ ಕೊಡುತ್ತದೆ ನಿಜ. ಆದರೆ ನನಗೆ ಅಂಥ ಕ್ಲಾಸಿನ ಮೇಲೆ ನಂಬಿಕೆ ಇಲ್ಲ.

ಹೊಡೆತ ಎಂದರೆ ಜೋರಾಗಿ ಹೊಡೆಯುವುದು ಎಂದುಕೊಂಡವರು ಟೋಕಿಯೊ ಒಲಿಂಪಿಕ್ಸಿನ ಒಂದು ಫೈನಲ್ ನೆನಪಿಟ್ಟುಕೊಳ್ಳಬೇಕು. ಕರಾಟೆ ಒಲಿಂಪಿಕ್ಸಿಗೆ ಮೊದಲ ಸಲ ಬಂದದ್ದು ಅಲ್ಲೇ, 2021ರ ಆಗಸ್ಟಿನಲ್ಲಿ. 75 ಕಿಲೋ ಮೇಲಿನ ಗಂಡಸರ ವಿಭಾಗದಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೇದಿ 4-1ರಿಂದ ಮುಂದಿದ್ದರು. ಅವರ ಒಂದು ಒದೆತ ಇರಾನಿನ ಸಜ್ಜಾದ್ ಗಂಜ್‌ಜಾದೆಯ ತಲೆಗೆ ಬಿತ್ತು. ಸಜ್ಜಾದ್ ಪ್ರಜ್ಞೆ ತಪ್ಪಿ ಬಿದ್ದರು. ಹಿಡಿತವಿಲ್ಲದ ಹೊಡೆತ ಎಂದು ತೀರ್ಪುಗಾರರು ಹಮೇದಿಯನ್ನು ಅನರ್ಹಗೊಳಿಸಿದರು. ಸ್ಟ್ರೆಚರಿನಲ್ಲಿ ಹೊರಗೆ ಹೋದವನಿಗೆ ಚಿನ್ನ, ಕೆಡವಿದವನಿಗೆ ಬೆಳ್ಳಿ. ಗುರಿಯ ಹತ್ತಿರ ತಂದು ನಿಲ್ಲಿಸಲು ಬಾರದ ಕೈ ಈ ಆಟದಲ್ಲಿ ಕಲಿತ ಕೈ ಅಲ್ಲ. ಕ್ಲಾಸಿನಲ್ಲಿ ಜೋಡಿ ಅಭ್ಯಾಸ ನಡೆಯುವಾಗ ಗ್ಲೌಸು, ಹಲ್ಲಿಗೆ ಗಾರ್ಡು ಇದೆಯೇ, ಜೋಡಿ ಮಾಡುವಾಗ ತೂಕ, ವಯಸ್ಸು ನೋಡುತ್ತಾರೆಯೇ ಎಂದು ಗಮನಿಸಿ. ಅಕಸ್ಮಾತ್ ತಲೆಗೆ ಪೆಟ್ಟು ಬಿದ್ದರೆ ಅವತ್ತಿನ ಅಭ್ಯಾಸ ಅಲ್ಲಿಗೇ ಮುಗಿಯಬೇಕು. ಆಮೇಲೆ ತಲೆನೋವು, ವಾಂತಿ, ಮಂಪರು ಕಂಡರೆ ಆಸ್ಪತ್ರೆಗೆ ಹೋಗಬೇಕು. ನೀರು ಚಿಮುಕಿಸಿ ಮತ್ತೆ ಸಾಲಿಗೆ ನಿಲ್ಲಿಸುವುದು ಧೈರ್ಯ ಕಲಿಸುವ ಕ್ರಮ ಅಲ್ಲ.

ಇನ್ನು ಬೆಲ್ಟು. ಓಕಿನಾವಾದ ಹಳೆಯ ಕಲಿಕೆಯಲ್ಲಿ ಬಣ್ಣದ ಬೆಲ್ಟೇ ಇರಲಿಲ್ಲ. ಗಿಚಿನ್ ಫುನಾಕೋಶಿ ಎಂಬ ಶಾಲಾ ಮೇಷ್ಟ್ರು 1922ರಲ್ಲಿ ಟೋಕಿಯೊಕ್ಕೆ ಹೋಗಿ ಕರಾಟೆ ತೋರಿಸಿದರು. ಜೂಡೋದವರ ಪದ್ಧತಿಯನ್ನು ಎರವಲು ಪಡೆದು 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಕಪ್ಪು ಬೆಲ್ಟು ಕೊಟ್ಟರು. ಇವತ್ತು ಬಿಳಿಯಿಂದ ಕಂದಿನ ತನಕ ಎಷ್ಟು ಬಣ್ಣ, ಯಾವುದರ ಮೇಲೆ ಯಾವುದು ಎನ್ನುವುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಪ್ರತಿ ಬಣ್ಣಕ್ಕೂ ಪರೀಕ್ಷೆ, ಪರೀಕ್ಷೆಗೊಂದು ಫೀಸು. ಆದ್ದರಿಂದ ತಿಂಗಳ ಫೀಸು ಮಾತ್ರ ಕೇಳಿದರೆ ಸಾಲದು. ವರ್ಷಕ್ಕೆ ಎಷ್ಟು ಪರೀಕ್ಷೆ, ಫೇಲಾದವರು ಯಾರಾದರೂ ಇದ್ದಾರಾ ಎಂದೂ ಕೇಳಿ. ಎಲ್ಲರೂ ಯಾವಾಗಲೂ ಪಾಸಾಗುವ ಪರೀಕ್ಷೆಗೆ ದುಡ್ಡು ಕೊಡುವುದು ಏತಕ್ಕೆ?

ಶೋತೋಕಾನ್, ಗೋಜು-ರ್‍ಯು, ಶಿತೋ-ರ್‍ಯು, ವಾದೋ-ರ್‍ಯು, ಮಲೇಶಿಯಾದಲ್ಲಿ ಹುಟ್ಟಿದ ಬುಡೋಕಾನ್ ಎಂದು ಶೈಲಿಗಳ ಪಟ್ಟಿ ಉದ್ದ ಇದೆ. ಹೊಸಬರು ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಮನೆಗೆ ಹತ್ತಿರದ ಒಳ್ಳೆಯ ಮಾಸ್ಟ್ರು ಯಾವ ಶೈಲಿ ಕಲಿಸುತ್ತಾರೋ ಅದೇ ನಿಮ್ಮ ಶೈಲಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಸರ್ಟಿಫಿಕೇಟಿನ ವಿಷಯಕ್ಕೆ. ವಿಶ್ವ ಕರಾಟೆ ಫೆಡರೇಷನ್ 2020ರಲ್ಲಿ ಭಾರತದ ಅಂದಿನ ರಾಷ್ಟ್ರೀಯ ಸಂಸ್ಥೆಯ ಮಾನ್ಯತೆಯನ್ನು ತಾತ್ಕಾಲಿಕವಾಗಿ ಹಿಂಪಡೆಯಿತು. ಅದೇ ವರ್ಷದ ಆರಂಭದಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯೂ ಅದನ್ನು ಕೈಬಿಟ್ಟಿತ್ತು. ಮೇಲಿನ ಮಟ್ಟದಲ್ಲೇ ಹೀಗಾದರೆ, "ನ್ಯಾಷನಲ್", "ಇಂಟರ್‌ನ್ಯಾಷನಲ್" ಎಂಬ ಹೆಸರಿನ ಟೂರ್ನಿಗಳು ಊರೂರಿಗೆ ನಡೆಯುವುದರಲ್ಲಿ ಆಶ್ಚರ್ಯವಿಲ್ಲ. ಮಗು ಪದಕ ತಂದರೆ ಫೋಟೋ ತೆಗೆಸಿ, ಸಂತೋಷಪಡಿ. ಕಾಲೇಜು ಸೀಟಿಗೋ ಕೆಲಸಕ್ಕೋ ಉಪಯೋಗಕ್ಕೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ಯಾವ ಇಲಾಖೆಯ ಯಾವ ಆದೇಶದ ಪ್ರಕಾರ ಎಂದು ಕೇಳಿ. ಇಲಾಖೆಯ ಶಾಲಾ ಕ್ರೀಡಾಕೂಟಕ್ಕೆ ಹೋಗುವ ದಾರಿ ಬೇರೆ, ಅದನ್ನು ಶಾಲೆಯ ಪಿ.ಟಿ. ಮಾಸ್ಟ್ರಲ್ಲೇ ವಿಚಾರಿಸಬೇಕು.

ಹೆಣ್ಣುಮಕ್ಕಳ ಆತ್ಮರಕ್ಷಣೆಗೆಂದು ಸೇರಿಸುವವರೂ ಬಹಳ. ರಾಜ್ಯದ ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನ ಆತ್ಮರಕ್ಷಣಾ ತರಬೇತಿ ಶುರುವಾದ ಮೇಲೆ ಈ ಆಸೆ ಹಳ್ಳಿಯ ಮನೆಗಳಿಗೂ ತಲುಪಿದೆ, ಒಳ್ಳೆಯದೇ. ಆದರೆ ಮೂರು ತಿಂಗಳ ಕೋರ್ಸು ಯಾರನ್ನೂ ಮೂವರನ್ನು ಹೊಡೆದುರುಳಿಸುವ ಹಾಗೆ ಮಾಡುವುದಿಲ್ಲ. ಗಟ್ಟಿಯಾಗಿ ಕೂಗುವುದು, ಹಿಡಿದ ಕೈ ಬಿಡಿಸಿಕೊಳ್ಳುವುದು, ಬಿಡಿಸಿಕೊಂಡ ಕೂಡಲೇ ಜನ ಇರುವ ಕಡೆ ಓಡುವುದು, ಮನೆಗೆ ಬಂದು ನಡೆದದ್ದನ್ನು ಹೇಳುವುದು, ಇಷ್ಟು ಕಲಿಸಿದರೆ ಆ ಕೋರ್ಸಿನ ದುಡ್ಡು ದಂಡವಲ್ಲ. ಓಡುವುದನ್ನು ಕಲಿಸಲು ನಾಚುವ ಮಾಸ್ಟ್ರು ಸಿನಿಮಾ ನೋಡಿ ಕಲಿತವರಿರಬೇಕು.

ಊರಿನ ಲೆಕ್ಕಾಚಾರಗಳೂ ಇವೆ. ವಂಡ್ಸೆ, ಶಂಕರನಾರಾಯಣ, ಶಿರೂರಿನ ಕಡೆಯ ಮಗು ಸಂಜೆ ಕ್ಲಾಸು ಮುಗಿಸಿ ಬಸ್ಸು ಹಿಡಿಯಬೇಕು; ಕ್ಲಾಸು ಅರ್ಧ ಗಂಟೆ ತಡವಾದರೆ ಮನೆಯವರು ಹೆದ್ದಾರಿ ಬದಿಯಲ್ಲಿ ಕಾಯಬೇಕು. ಬಸ್ಸಿನ ಸಮಯ ಗೊತ್ತಿದ್ದು ಆ ಮಕ್ಕಳನ್ನು ಮೊದಲೇ ಬಿಡುವ ಕ್ಲಾಸು ಆರಿಸಿಕೊಳ್ಳಿ. ಮಳೆಗಾಲದಲ್ಲಿ ದಪ್ಪ ಬಟ್ಟೆಯ ಬಿಳಿ ಯೂನಿಫಾರ್ಮು ಎರಡು ದಿನವಾದರೂ ಒಣಗುವುದಿಲ್ಲ, ಮುಗ್ಗುಲು ವಾಸನೆ ಬರುತ್ತದೆ. ತೆಳು ಬಟ್ಟೆಯದ್ದೇ ವಾಸಿ. ಅದನ್ನೂ ಮೊದಲ ತಿಂಗಳೇ ಕೊಳ್ಳಬೇಡಿ. ಮಗು ನಿಲ್ಲುತ್ತದೋ ಇಲ್ಲವೋ ನೋಡಿ. ಅಲ್ಲಿಯ ತನಕ ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಸಾಕು.

ವಯಸ್ಸು ಮೀರಿತು ಎನ್ನುವ ದೊಡ್ಡವರಿಗೂ ಒಂದು ಮಾತು. ಟೋಕಿಯೊದಲ್ಲಿ ಹೆಂಗಸರ ಕತಾ ಚಿನ್ನ ಗೆದ್ದ ಸ್ಪೇನಿನ ಸಾಂಡ್ರಾ ಸಾಂಚೆಸ್‌ಗೆ ಆಗ 39 ವರ್ಷ. ಅವರು ಚಿಕ್ಕಂದಿನಿಂದ ಕಲಿತವರು, ನಾವು ಬ್ಯಾಂಕಿನ ಕುರ್ಚಿಯಿಂದ, ಅಂಗಡಿಯ ಗಲ್ಲಾದಿಂದ ಎದ್ದು ಬಂದವರು, ಅದು ಬೇರೆ ವಿಷಯ. ಮಂಡಿನೋವು, ಬಿ.ಪಿ., ಹಳೆಯ ಆಪರೇಷನ್ ಏನಿದ್ದರೂ ಮೊದಲ ದಿನವೇ ಮಾಸ್ಟ್ರಿಗೆ ಹೇಳಿಬಿಡಿ. ಒದೆತವನ್ನು ಸೊಂಟದ ಕೆಳಗೇ ನಿಲ್ಲಿಸಿದರೆ ಯಾರ ಮಾನವೂ ಹೋಗುವುದಿಲ್ಲ. ಕ್ಲಾಸಿನಲ್ಲಿ ಸಾಲು ನಿಲ್ಲುವುದು ಬೆಲ್ಟಿನ ಲೆಕ್ಕದಲ್ಲಿ, ವಯಸ್ಸಿನ ಲೆಕ್ಕದಲ್ಲಲ್ಲ. ಹಸಿರು ಬೆಲ್ಟಿನ ಹತ್ತು ವರ್ಷದ ಹುಡುಗಿಗಿಂತ ಕೆಳಗೆ, ಸಾಲಿನ ಕೊನೆಯಲ್ಲಿ ನೀವು ನಿಲ್ಲುತ್ತೀರಿ. ಬೆಲ್ಟಿನ ಗಂಟು ಹಾಕುವುದನ್ನು ಬಹುಶಃ ಅವಳೇ ನಿಮಗೆ ತೋರಿಸಿಕೊಡುತ್ತಾಳೆ. ಅದಕ್ಕೆ ಸಂಕೋಚ ಎನ್ನುವವರು ದೊಡ್ಡವರ ಬ್ಯಾಚು ಬೇರೆ ಇದೆಯಾ ಎಂದು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು.